ಕಣ್ಣು ಕಾಣದ ಮಗುವಿಗೆ ಪಾಠ ಕೈಗೆ ಸಿಗುವ ಹಾಗೆ ಮಾಡುವುದು ಹೇಗೆ?

"ನಮ್ಮ ಶಾಲೆಗೆ ಈ ವರ್ಷ ಕಣ್ಣು ಕಾಣದ ಮಗು ಸೇರಿದೆ. ನಲಿಕಲಿ ಕಾರ್ಡುಗಳ ತುಂಬ ಚಿತ್ರವೇ ಇದೆ. ಆ ಮಗುವಿಗೆ ಏನು ಮಾಡಿಸಲಿ?" ಒಂದರಿಂದ ಐದನೇ ತರಗತಿಯವರೆಗಿನ ಶಿಕ್ಷಕರು ಹೆಚ್ಚಾಗಿ ಕೇಳುವುದು ಇದನ್ನೇ. (ನಲಿಕಲಿ ಅಂದರೆ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳಿಂದ ಕಲಿಸುವ ವಿಧಾನ.) ಅಪ್ಪ ಅಮ್ಮಂದಿರ ಪ್ರಶ್ನೆ ಬೇರೆ: "ಪದ್ಯ ಎಲ್ಲ ಬಾಯಿಪಾಠ ಇದೆ. ಆದ್ರೆ ಅವಳಿಗೆ ನಿಜವಾಗ್ಲೂ ಅರ್ಥ ಆಗ್ತಿದೆಯಾ?" ಎರಡೂ ಪ್ರಶ್ನೆಗಳ ಬೇರು ಒಂದೇ. ಹಾಗಾಗಿ ಉತ್ತರವನ್ನು ಒಟ್ಟಿಗೇ ಬರೆಯುತ್ತಿದ್ದೇನೆ.

ಕಣ್ಣು ಕಾಣುವ ಮಗು ಒಂದನೇ ತರಗತಿಗೆ ಬರುವಷ್ಟರಲ್ಲಿ ಸಾವಿರಾರು ವಸ್ತುಗಳನ್ನು ಯಾರೂ ಕಲಿಸದೆಯೇ ನೋಡಿರುತ್ತದೆ. ಕಾಣದ ಮಗುವಿಗೆ ಯಾರಾದರೂ ಕೈಗೆ ಕೊಟ್ಟಾಗ ಮಾತ್ರ ವಸ್ತು ಸಿಗುತ್ತದೆ. ಕೊಡದಿದ್ದರೆ ಅದರ ಹೆಸರಷ್ಟೇ ಸಿಗುತ್ತದೆ. "ಮರ ನೆರಳು ಕೊಡುತ್ತದೆ, ಹಣ್ಣು ಕೊಡುತ್ತದೆ" ಅಂತ ಗಟ್ಟಿಯಾಗಿ ಹೇಳುವ ಮಗುವಿಗೆ ಮರ ಅಂದರೆ ಎದೆಮಟ್ಟದ ಒರಟು ಕಂಬ ಆಗಿರಬಹುದು. ಅದರ ಕೈಗೆ ಸಿಕ್ಕಿದ್ದು ಅಷ್ಟೇ ಅಲ್ವಾ? ಕೊಂಬೆ ಎಲ್ಲಿ ಶುರುವಾಗುತ್ತದೆ, ಎಲೆ ಎಲ್ಲಿ ಅಂಟಿಕೊಂಡಿದೆ ಅನ್ನುವುದನ್ನು ಯಾರೂ ತೋರಿಸಿಲ್ಲ. ಇಂಥ ಮಗು ಮೌಖಿಕ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆಯುತ್ತದೆ. ನಾವು ಚೆನ್ನಾಗಿ ಕಲಿಯುತ್ತಿದೆ ಅಂದುಕೊಳ್ಳುತ್ತೇವೆ. ನಾನು ಕಂಡಿರುವ ಅತಿ ದೊಡ್ಡ ಅಪಾಯ ಇದೇ.

ಆದ್ದರಿಂದ ಕೆಳಗಿನ ಎಲ್ಲ ಹಂತಗಳಿಗೂ ಒಂದೇ ನಿಯಮ. ಮೊದಲು ವಸ್ತು ಕೈಗೆ ಬರಲಿ, ಆಮೇಲೆ ಅದರ ಮಾತು ಕಿವಿಗೆ ಬರಲಿ.

ಶುರು ಮಾಡುವ ಮೊದಲು

ಮಗುವಿಗೆ ಎಷ್ಟು ಕಾಣುತ್ತದೆ ಅಂತ ತಿಳಿದುಕೊಳ್ಳಿ. "ಕಣ್ಣು ಕಾಣಲ್ಲ" ಅಂತ ದಾಖಲಾದ ಎಷ್ಟೋ ಮಕ್ಕಳಿಗೆ ಸ್ವಲ್ಪ ಕಾಣುತ್ತದೆ. ಕೆಲವರಿಗೆ ಬೆಳಕು ಕತ್ತಲೆ ಗೊತ್ತಾಗುತ್ತದೆ, ಕೆಲವರಿಗೆ ದೊಡ್ಡ ಆಕಾರ, ಗಾಢ ಬಣ್ಣ ಕಾಣುತ್ತದೆ. ವೈದ್ಯರ ಚೀಟಿಯಲ್ಲಿ 3/60 ಅನ್ನುವಂಥ ಸಂಖ್ಯೆ ಇರಬಹುದು. ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು ಈ ಮಗುವಿಗೆ 3 ಮೀಟರ್ ಹತ್ತಿರ ಬಂದಾಗ ಕಾಣುತ್ತದೆ ಅಂತ ಅದರರ್ಥ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರ ಅದು ಅಂಧತ್ವ.

ಸ್ವಲ್ಪ ಕಾಣುವ ಮಗುವಾದರೆ ಬಣ್ಣದ ಅಂತರ ಎದ್ದು ಕಾಣುವ ಹಾಗೆ ವಸ್ತುಗಳನ್ನು ಇಡಿ. ಬಿಳಿ ಅನ್ನ ಕಪ್ಪು ತಟ್ಟೆಯಲ್ಲಿ ಕಾಣುತ್ತದೆ, ಬಿಳಿ ತಟ್ಟೆಯಲ್ಲಿ ಕಾಣುವುದಿಲ್ಲ. ರಾಗಿಮುದ್ದೆಗೆ ಇದರ ಉಲ್ಟಾ. ಸ್ಟೀಲ್ ತಟ್ಟೆ ಹೊಳೆದು ಕಣ್ಣು ಕುಕ್ಕುತ್ತದೆ, ಪಾಠದ ಹೊತ್ತಿಗೆ ಅದು ಬೇಡ. ಕಿಟಕಿ ಮಗುವಿನ ಬೆನ್ನ ಹಿಂದೆ ಇರಲಿ, ಮುಖದ ಎದುರು ಬೇಡ. ಇರುವ ದೃಷ್ಟಿಯನ್ನು ಬಳಸಿದರೆ ಕಣ್ಣು ಇನ್ನೂ ಹಾಳಾಗುತ್ತದೆ ಅಂತ ಕೆಲವರು ಹೆದರಿಸುತ್ತಾರೆ. ನೋಡಿದ್ದರಿಂದ ದೃಷ್ಟಿ ಸವೆಯುವುದಿಲ್ಲ. ಹತ್ತಿರ ಹಿಡಿದು ನೋಡುತ್ತೇನೆ ಅಂದರೆ ಬಿಡಿ.

ಸಾಮಾನುಗಳಿಗೆ ಜಾಸ್ತಿ ಖರ್ಚಿಲ್ಲ.

- ಒಂದು ಮೊರ. ಮೂರು ಕಡೆ ಅಂಚು ಇರುವುದರಿಂದ ಕಾಳು, ಕಲ್ಲು ಉರುಳಿ ಹೋಗುವುದಿಲ್ಲ. ತೆರೆದ ಬದಿ ಮಗುವಿನ ಹೊಟ್ಟೆಯ ಕಡೆ ಇರಲಿ. ದುಬಾರಿ ಟ್ರೇಗಿಂತ ಇದೇ ವಾಸಿ.
- ಮೂವತ್ತು ಮೊಟ್ಟೆ ಇಡುವ ಕಾಗದದ ಟ್ರೇ ಎರಡು.
- ಹುಣಸೆ ಬೀಜ, ಕಡಲೆ, ರಾಗಿ, ರವೆ, ನಾಲ್ಕೈದು ಬಟ್ಟಲು.
- ಪೊರಕೆ ಕಡ್ಡಿ, ರಬ್ಬರ್ ಬ್ಯಾಂಡ್, ಸೆಣಬಿನ ದಾರ, ಅಂಟು.
- ಜೇಡಿಮಣ್ಣು ಒಂದು ಬುಟ್ಟಿ.
- ಒದ್ದೆ ಬಟ್ಟೆ. ಇದನ್ನು ಮರೆಯಬೇಡಿ, ಕೈ ಅಂಟಂಟಾದರೆ ಮಕ್ಕಳು ಮುಂದಿನದನ್ನು ಮುಟ್ಟುವುದಿಲ್ಲ.

ಹಂತ 1: ಜಾಗ ಗಟ್ಟಿ ಮಾಡಿ

ಮಗು ಕೂರುವ ಜಾಗ ಮತ್ತು ಸಾಮಾನು ಇಡುವ ಜಾಗ ದಿನಾ ಒಂದೇ ಇರಲಿ. ಮೊರ ಎದುರಿಗೆ, ಬಟ್ಟಲುಗಳು ಎಡಕ್ಕೆ, ಒದ್ದೆ ಬಟ್ಟೆ ಬಲಕ್ಕೆ ಅಂತ ನಿಗದಿ ಮಾಡಿ. ಸಾಮಾನು ತರುವುದು, ಮತ್ತೆ ಒಳಗಿಡುವುದು ಎರಡೂ ಮಗುವಿನದೇ ಕೆಲಸ. ನೀವೇ ತಂದು ಮುಂದಿಟ್ಟರೆ ವಸ್ತುಗಳು ಗಾಳಿಯಿಂದ ಬರುತ್ತವೆ, ಗಾಳಿಗೇ ಹೋಗುತ್ತವೆ ಅನ್ನಿಸುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದೂ ಪಾಠದ ಭಾಗವೇ.

ಮೊದಲ ವಾರ ಶಾಲೆಯನ್ನೇ ಪಾಠ ಮಾಡಿ. ತರಗತಿಯ ಬಾಗಿಲಿಂದ ನೀರಿನ ಟ್ಯಾಂಕಿಗೆ, ಅಲ್ಲಿಂದ ಶೌಚಾಲಯಕ್ಕೆ, ಬಿಸಿಯೂಟದ ಅಡುಗೆಮನೆಗೆ ನಡೆಯಿರಿ. ಕೈಯ ಹಿಂಭಾಗವನ್ನು ಗೋಡೆಗೆ ಮೆಲ್ಲಗೆ ತಾಗಿಸಿಕೊಂಡು ನಡೆಯಲು ಹೇಳಿ. ಬೆರಳು ಸ್ವಲ್ಪ ಮಡಚಿರಲಿ, ಮೊಳೆ ಅಥವಾ ಕಿಟಕಿಯ ಅಂಚು ಸಿಕ್ಕಿದರೂ ಬೆರಳ ತುದಿಗೆ ಗಾಯ ಆಗುವುದಿಲ್ಲ. ಸಾರಿನ ವಾಸನೆ ಎಲ್ಲಿ ಬರುತ್ತದೆ, ಗಂಟೆ ಯಾವ ಕಡೆ ಹೊಡೆಯುತ್ತದೆ, ನೆಲ ಎಲ್ಲಿ ಸಿಮೆಂಟಿನಿಂದ ಮಣ್ಣಾಗುತ್ತದೆ ಅಂತ ಕೇಳುತ್ತಾ ಹೋಗಿ. ಹೇಳಿಬಿಡಬೇಡಿ, ಕೇಳಿ.

ಎಚ್ಚರಿಕೆ: ಬಾಗಿಲು ಅರ್ಧ ತೆರೆದು ಬಿಡಬೇಡಿ. ಒಂದೋ ಪೂರ್ತಿ ತೆರೆದಿರಲಿ, ಇಲ್ಲ ಮುಚ್ಚಿರಲಿ. ಅರ್ಧ ತೆರೆದ ಬಾಗಿಲಿನ ಅಂಚಿಗೆ ಮಕ್ಕಳ ಹಣೆ ಹೊಡೆಯುವುದು ತುಂಬ ಸಾಮಾನ್ಯ.

ಹಂತ 2: ಕೈ ಹಿಡಿಯುವ ರೀತಿ ಬದಲಾಯಿಸಿ

ನಮಗೆಲ್ಲ ಅಭ್ಯಾಸ ಆಗಿರುವುದು ಮಗುವಿನ ಮಣಿಕಟ್ಟು ಹಿಡಿದು ಕೈಯನ್ನು ವಸ್ತುವಿನ ಮೇಲೆ ಇಡುವುದು. ಇದನ್ನು ಬಿಡಬೇಕು. ಕಾಣದ ಮಗುವಿಗೆ ಕೈಯೇ ಕಣ್ಣು. ನಿಮ್ಮ ತಲೆಯನ್ನು ಯಾರೋ ಹಿಡಿದು "ಇಲ್ಲಿ ನೋಡು" ಅಂತ ತಿರುಗಿಸಿದರೆ ಹೇಗಿರುತ್ತದೆ, ಅದೂ ಹಾಗೇ.

ಅದರ ಬದಲು "ಕೈ ಕೆಳಗೆ ಕೈ" ರೀತಿ ಬಳಸಿ. ನಿಮ್ಮ ಕೈ ವಸ್ತುವಿನ ಮೇಲೆ, ಮಗುವಿನ ಕೈ ನಿಮ್ಮ ಕೈಯ ಮೇಲೆ. ನೀವು ಮೆಲ್ಲಗೆ ವಸ್ತುವನ್ನು ಸವರುತ್ತೀರಿ, ಮಗು ನಿಮ್ಮ ಕೈಯ ಜೊತೆ ಸವಾರಿ ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಧೈರ್ಯ ಬಂದು ಅದರ ಬೆರಳುಗಳು ತಾನಾಗಿ ಕೆಳಗೆ ಜಾರುತ್ತವೆ. ಆಗ ನಿಮ್ಮ ಕೈ ತೆಗೆಯಿರಿ. ಬೇಡ ಅನ್ನಿಸಿದರೆ ಕೈ ಎತ್ತಿಕೊಳ್ಳುವ ಹಕ್ಕು ಮಗುವಿಗೆ ಇರುತ್ತದೆ. ಆ ಹಕ್ಕು ಇರುವುದರಿಂದಲೇ ಅದು ಮುಟ್ಟಲು ಒಪ್ಪುತ್ತದೆ.

ಅಂಟಾದದ್ದು, ಒದ್ದೆಯಾದದ್ದು, ಕೂದಲಿರುವುದು ತಾಗಿದರೆ ಕೆಲವು ಮಕ್ಕಳು ಕೈ ಸರ್ರನೆ ಎಳೆದುಕೊಳ್ಳುತ್ತಾರೆ. ಇದು ಹಟ ಅಲ್ಲ. ಏನು ಬರುತ್ತಿದೆ ಅಂತ ಗೊತ್ತಿಲ್ಲದೆ ತಾಗಿದ್ದರಿಂದ ಬಂದ ಭಯ. ಒಣ ರಾಗಿಯಿಂದ ಶುರು ಮಾಡಿ. ಮಾರನೇ ದಿನ ರಾಗಿ ಹಿಟ್ಟು. ಆಮೇಲೆ ಹಿಟ್ಟಿಗೆ ಒಂದು ಚಮಚ ನೀರು, ಅದನ್ನು ಮಗುವೇ ಹಾಕಲಿ. ಮುದ್ದೆಯ ಹದಕ್ಕೆ ಬರಲು ಒಂದು ವಾರ ಹಿಡಿದರೂ ಪರವಾಗಿಲ್ಲ.

ಎಚ್ಚರಿಕೆ: ಮುಟ್ಟುವ ಮೊದಲು ಮಾತಿನಲ್ಲಿ ಹೇಳಿ. "ತಣ್ಣಗಿದೆ, ಸ್ವಲ್ಪ ಒದ್ದೆ ಇದೆ, ಅಲುಗಾಡಲ್ಲ." ಕೈ ಮುಟ್ಟಿದ ಮೇಲೆ ನೀವು ಸುಮ್ನೆ ಇರಿ. ಮುಟ್ಟುವಾಗ ಒಂದೇ ಸಮನೆ ಮಾತಾಡಿದರೆ ಮಗುವಿನ ಗಮನ ಕೈಯಿಂದ ಕಿವಿಗೆ ಹೋಗಿಬಿಡುತ್ತದೆ. ಹೊಸ ಶಿಕ್ಷಕರು ಅತಿ ಹೆಚ್ಚು ಮಾಡುವ ತಪ್ಪು ಇದು. ನಾನೂ ಎಷ್ಟೋ ದಿನ ಮಾಡಿದ್ದೇನೆ.

ಹಂತ 3: ಒಂದು ವಸ್ತುವನ್ನು ಬೇರಿನಿಂದ ಬಾಯಿಯವರೆಗೆ ಕಲಿಸಿ

ಇದು ಈ ಲೇಖನದ ಹೃದಯ. ದಿನಕ್ಕೆ ಹತ್ತು ವಸ್ತು ಮುಟ್ಟಿಸುವುದಕ್ಕಿಂತ ಒಂದೇ ವಸ್ತುವನ್ನು ಒಂದು ವಾರ ಪೂರ್ತಿ ಮಾಡಿಸಿ. ಕಣ್ಣು ಒಂದೇ ನೋಟಕ್ಕೆ ಇಡೀ ವಸ್ತುವನ್ನು ಹಿಡಿಯುತ್ತದೆ. ಕೈ ಹಾಗಲ್ಲ. ಅದು ತುಂಡು ತುಂಡಾಗಿ ಹಿಡಿದು, ತಲೆಯಲ್ಲಿ ಹೊಲಿದುಕೊಳ್ಳಬೇಕು. ಅದಕ್ಕೆ ಸಮಯ ಬೇಕು.

ತೆಂಗನ್ನೇ ತೆಗೆದುಕೊಳ್ಳೋಣ. ನಿಮ್ಮ ಕಡೆ ತೆಂಗು ಇಲ್ಲದಿದ್ದರೆ ಜೋಳ ತೆಗೆದುಕೊಳ್ಳಿ. ದಂಟು, ತೆನೆ, ಕಾಳು, ಹಿಟ್ಟು, ಕೊನೆಗೆ ರೊಟ್ಟಿ ತಟ್ಟುವ ಸದ್ದು. ಜೋಳದ ವಾರವೂ ಅಷ್ಟೇ ಸೊಗಸು.

ಮೊದಲ ದಿನ ಮರ. ಮಗು ಕಾಂಡವನ್ನು ತಬ್ಬಿಕೊಳ್ಳಲಿ. ಕೈ ಎರಡೂ ಕೂಡುತ್ತವೆಯಾ ನೋಡಲಿ. ಹಳೆಯ ಸೋಗೆ ಉದುರಿದ ಗುರುತುಗಳು ಬಳೆಗಳ ಹಾಗೆ ಸುತ್ತಲೂ ಇರುತ್ತವೆ, ಅವನ್ನು ಬೆರಳಲ್ಲಿ ಹುಡುಕಲಿ. ಬುಡದಲ್ಲಿ ಕೂತು ಬೇರು ಮುಟ್ಟಲಿ. ಇನ್ನು ಎತ್ತರ ಹೇಗೆ ತಿಳಿಸುವುದು? ಕಾಯಿ ಕೀಳುವವರು ಮರ ಹತ್ತುವ ದಿನ ಅವರ ಕೈಗೆ ಒಂದು ಹಗ್ಗದ ತುದಿ ಕೊಡಿ. ತುದಿ ಮುಟ್ಟಿದ ಮೇಲೆ ಹಗ್ಗ ಬಿಗಿಯಾಗಿ ನೆಲದವರೆಗೆ ಬರಲಿ. ನೆಲ ಮುಟ್ಟುವ ಜಾಗದಲ್ಲಿ ಮಗುವೇ ಗಂಟು ಹಾಕಲಿ. ಆಮೇಲೆ ಆ ಹಗ್ಗವನ್ನು ಮೈದಾನದಲ್ಲಿ ಹಾಸಿ, ಮಗು ಅದರ ಉದ್ದಕ್ಕೂ ಹೆಜ್ಜೆ ಎಣಿಸುತ್ತಾ ನಡೆಯಲಿ. ಮರದ ಎತ್ತರ ಈಗ ಕಾಲಿಗೆ ಗೊತ್ತು. ಅದೇ ಹಗ್ಗದ ಪಕ್ಕದಲ್ಲಿ ಮಗುವನ್ನು ಮಲಗಿಸಿ "ಇಷ್ಟು ನೀನು" ಅನ್ನಿ.

ಎರಡನೇ ದಿನ ಬಿದ್ದ ಸೋಗೆ. ಒಳ್ಳೆಯ ಸೋಗೆ 4ರಿಂದ 6 ಮೀಟರ್ ಉದ್ದ ಇರುತ್ತದೆ. ದಪ್ಪ ಬುಡದಿಂದ ತೆಳ್ಳಗಿನ ತುದಿಯವರೆಗೆ ಕೈ ಸವರುತ್ತಾ ನಡೆಯಲಿ. ಎರಡೂ ಕಡೆ ಗರಿ ಇದೆ ಅನ್ನುವುದನ್ನು ಎರಡು ಕೈಯಲ್ಲಿ ಒಟ್ಟಿಗೆ ತಿಳಿಯಲಿ. ಒಂದು ಗರಿ ಕಿತ್ತು, ಎಲೆಯ ಭಾಗ ಸೀಳಿ, ನಡುವಿನ ಕಡ್ಡಿ ತೆಗೆಯಲಿ. ಇಪ್ಪತ್ತು ಮೂವತ್ತು ಕಡ್ಡಿ ಕಟ್ಟಿದರೆ ಪುಟ್ಟ ಪೊರಕೆ. ಅದರಿಂದಲೇ ಜಾಗ ಗುಡಿಸಲಿ. ಮನೆಯ ಪೊರಕೆ ಮರದಿಂದ ಬಂದದ್ದು ಅಂತ ಆ ಹೊತ್ತಿಗೆ ಮಗುವಿನ ಮುಖದಲ್ಲಿ ಮೂಡುವ ಬೆರಗನ್ನು ನೀವೇ ನೋಡುತ್ತೀರಿ.

ಮೂರನೇ ದಿನ ಕಾಯಿ. ಎಳನೀರು, ಬಲಿತ ಕಾಯಿ, ಉಂಡೆ ಕೊಬ್ಬರಿ ಇರುವ ಒಣ ಕಾಯಿ, ಮೂರನ್ನೂ ಸಾಲಾಗಿ ಇಡಿ. ಎತ್ತಿ ನೋಡಲಿ, ಕಿವಿ ಹತ್ತಿರ ಅಲ್ಲಾಡಿಸಲಿ. ಎಳನೀರು ತುಂಬಿರುತ್ತದೆ, ಹೆಚ್ಚು ಸದ್ದಿಲ್ಲ. ಬಲಿತ ಕಾಯಲ್ಲಿ ನೀರು ಕುಲುಕುತ್ತದೆ. ಒಣ ಕಾಯಲ್ಲಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಲೊಟಲೊಟ ಅನ್ನುತ್ತದೆ. ತಿಪಟೂರು ಕಡೆಯವರು ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿಸಿ, ಈ ಸದ್ದು ಕೇಳಿಯೇ ಕೊಬ್ಬರಿ ಆಗಿದೆ ಅಂತ ಹೇಳುತ್ತಾರೆ. ಇಲ್ಲಿ ಕಣ್ಣಿನ ಕೆಲಸವೇ ಇಲ್ಲ. ತರಗತಿಯ ಉಳಿದ ಮಕ್ಕಳಿಗಿಂತ ಈ ಮಗು ಬೇಗ ಗುರುತಿಸಬಹುದು, ಆ ಗೆಲುವು ಅದಕ್ಕೆ ಸಿಗಲಿ.

ಕಾಯಿ ಸುಲಿಯುವುದು ದೊಡ್ಡವರ ಕೆಲಸ. ಮಗು ಸದ್ದು ಕೇಳಲಿ, ಸುಲಿದ ನಾರನ್ನು ಕೈಗೆ ಕೊಡಿ. ತೊಡೆಯ ಮೇಲೆ ಉಜ್ಜಿ ಹುರಿ ಮಾಡಲು ಹೇಳಿಕೊಡಿ. ಜುಟ್ಟಿನ ಕೆಳಗೆ ಮೂರು ಕಣ್ಣುಗಳಿವೆ. ಅವುಗಳಲ್ಲಿ ಒಂದು ಮಾತ್ರ ಮೆತ್ತಗಿದೆ, ಮೊಳಕೆ ಬರುವುದು ಅಲ್ಲಿಂದಲೇ. ಉಗುರಲ್ಲಿ ಒತ್ತಿ ಹುಡುಕಲಿ.

ನಾಲ್ಕನೇ ದಿನ ಒಡೆಯುವುದು, ತುರಿಯುವುದು, ಚಟ್ನಿ. ನೀರನ್ನು ಲೋಟಕ್ಕೆ ಹಿಡಿಯಲಿ. ಎರಡು ಹೋಳು ಕೂಡಿಸಿ ಮತ್ತೆ ಉಂಡೆ ಮಾಡಲಿ, ಬಿಡಿಸಲಿ. ಅರ್ಧ ಅನ್ನುವ ಮಾತು ಇಲ್ಲಿ ಬರಲಿ, ಭಿನ್ನರಾಶಿಯ ಪಾಠ ಬರುವಷ್ಟರಲ್ಲಿ ಕೈಗೆ ಗೊತ್ತಿರುತ್ತದೆ. ತುರಿಮಣೆಯ ಹಲ್ಲು ಚೂಪು. ಮಗು ಮಣೆ ಮುಟ್ಟಲಿ, ಹಲ್ಲು ಎಲ್ಲಿದೆ, ಯಾಕೆ ಮುಟ್ಟಬಾರದು ಅಂತ ತಿಳಿಯಲಿ. ನೀವು ತುರಿಯಿರಿ, ಬಟ್ಟಲಿಗೆ ಬೀಳುವ ತುರಿಯನ್ನು ಅದು ಹಿಡಿಯಲಿ. ಕೊನೆಗೆ ಎಲ್ಲರೂ ಚಟ್ನಿ ತಿನ್ನಲಿ.

ಐದನೇ ದಿನ ಹೊಸದೇನೂ ಬೇಡ. ಜೇಡಿಮಣ್ಣು ಕೊಟ್ಟು "ತೆಂಗಿನ ಮರ ಮಾಡಿ ತೋರಿಸು" ಅನ್ನಿ. ಕಂಬದ ತುದಿಯಲ್ಲಿ ಸೋಗೆ, ಅದರ ಬುಡದಲ್ಲಿ ಕಾಯಿ ಬಂದರೆ ಪಾಠ ತಲುಪಿದೆ. ಕಾಯಿ ಬೇರಿನ ಹತ್ತಿರ ಬಂದರೆ ಗದರಬೇಡಿ. ಯಾವ ತುಂಡು ಹೊಲಿಗೆಯಲ್ಲಿ ಬಿಟ್ಟುಹೋಯಿತು ಅಂತ ನಿಮಗೆ ಗೊತ್ತಾಯಿತು, ಅಲ್ಲಿಂದ ಮತ್ತೆ ಶುರು ಮಾಡಿ. ಪ್ರಶ್ನೆ ಕೇಳಿ ಉತ್ತರ ಪಡೆಯುವ ಪರೀಕ್ಷೆಗಿಂತ ಈ ಮಣ್ಣಿನ ಪರೀಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ.

ಮೊಳಕೆಯ ಪಾಠಕ್ಕೆ ಒಂದು ಉಪಾಯ ಹೇಳಿಬಿಡುತ್ತೇನೆ. ನೆನೆಸಿದ ಕಾಳನ್ನು ದಿನಾ ಮುಟ್ಟಿದರೆ ಮೊಳಕೆ ಮುರಿದುಹೋಗುತ್ತದೆ. ನಿನ್ನೆ ಹೇಗಿತ್ತು ಅಂತ ಹೋಲಿಸಲೂ ಆಗುವುದಿಲ್ಲ. ಅದಕ್ಕೆ ಐದು ದಿನ, ದಿನಕ್ಕೊಂದು ಬಟ್ಟಲು ಕಾಳು ನೆನೆಸುತ್ತಾ ಹೋಗಿ. ಆರನೇ ದಿನ ಐದು ದಿನಗಳ ಬೆಳವಣಿಗೆಯೂ ಸಾಲಾಗಿ ಮಗುವಿನ ಕೈಯ ಕೆಳಗೆ ಇರುತ್ತದೆ.

ಎಚ್ಚರಿಕೆ: ಪ್ಲಾಸ್ಟಿಕ್ ಗೊಂಬೆಗಳಿಂದ ಶುರು ಮಾಡಬೇಡಿ. ಅಂಗೈಯಗಲದ ಪ್ಲಾಸ್ಟಿಕ್ ಕೋಳಿ ಮುಟ್ಟಿದ ಮಗುವಿಗೆ ಕೋಳಿ ಅಂದರೆ ತಣ್ಣಗಿನ ಗಟ್ಟಿ ವಸ್ತು. ನಿಜವಾದ ಕೋಳಿಯನ್ನು ಸಾಕಿದವರು ಮಡಿಲಲ್ಲಿ ಹಿಡಿದುಕೊಳ್ಳಲಿ, ಮಗು ಪುಕ್ಕದ ಕೆಳಗಿನ ಬಿಸಿ ಮುಟ್ಟಲಿ, ಎದೆಬಡಿತ ಕೇಳಲಿ. ಗೊಂಬೆ ಆಮೇಲೆ ಬರಲಿ. ಆನೆ, ಹುಲಿಯಂಥ ಮುಟ್ಟಲಾಗದ ಪ್ರಾಣಿಗೆ ಗೊಂಬೆಯೇ ಗತಿ. ಆಗ "ನಿಜವಾದ ಆನೆಯ ಕಾಲು ಈ ಕಂಬದಷ್ಟು ದಪ್ಪ" ಅಂತ ಒಂದು ಕಂಬ ತಬ್ಬಿಸಿ.

ಹಂತ 4: ಲೆಕ್ಕವನ್ನು ಆಟದಿಂದ ಶುರು ಮಾಡಿ

ಕೈಯಿಂದಲೇ ಕಲಿಯುವ ಲೆಕ್ಕಕ್ಕೆ ಅಳಿಗುಳಿ ಮಣೆಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಏಳೇಳು ಗುಳಿಗಳ ಎರಡು ಸಾಲು, ಒಟ್ಟು 14. ಕೆಲವು ಕಡೆ ಗುಳಿಗೆ ನಾಲ್ಕು, ಕೆಲವು ಕಡೆ ಐದು ಹುಣಸೆ ಬೀಜ ಹಾಕುತ್ತಾರೆ. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಲ್ಲಿ ಗುಳಿ ತೋಡಿ. ಮಗು ಎಡಗೈಯ ಬೆರಳನ್ನು ಗುಳಿಯಲ್ಲಿ ಇಟ್ಟು ಜಾಗ ಹಿಡಿದುಕೊಳ್ಳಲಿ, ಬಲಗೈ ಬೀಜ ಬಿಡುತ್ತಾ ಹೋಗಲಿ. ಒಂದು ಗುಳಿಗೆ ಒಂದು ಬೀಜ ಅನ್ನುವ ಹೊಂದಾಣಿಕೆ, ಖಾಲಿ ಅಂದರೆ ಸೊನ್ನೆ, ಗುಂಪಾಗಿ ಎಣಿಸುವುದು, ಎಲ್ಲ ಆಟದೊಳಗೇ ಇದೆ. ಕಾಣುವ ಮಗುವಿನ ಜೊತೆ ಒಂದೇ ನಿಯಮದಲ್ಲಿ ಆಡಬಹುದು, ಯಾರಿಗೂ ರಿಯಾಯಿತಿ ಬೇಕಿಲ್ಲ.

ಹತ್ತು, ಬಿಡಿಗೆ ಪೊರಕೆ ಕಡ್ಡಿ. ಹತ್ತಾದ ಕೂಡಲೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು. ಹತ್ತರ ಕಟ್ಟುಗಳು ಎಡ ಬಟ್ಟಲಿಗೆ, ಬಿಡಿ ಕಡ್ಡಿ ಬಲ ಬಟ್ಟಲಿಗೆ. ಕಳೆಯುವಾಗ ಬಿಡಿ ಸಾಲದೆ ಬಂದರೆ ಕಟ್ಟು ಬಿಚ್ಚಬೇಕು. "ಸಾಲ ತಗೊಳ್ಳೋದು" ಅಂದರೇನು ಅಂತ ಆಗ ಕೈಗೇ ತಿಳಿಯುತ್ತದೆ.

ಇದಾದ ಮೇಲೆ ಟೇಲರ್ ಫ್ರೇಮ್ ಮತ್ತು ಅಬ್ಯಾಕಸ್. ಟೇಲರ್ ಫ್ರೇಮ್ ಅಂದರೆ ಎಂಟು ಮೂಲೆಯ ತೂತುಗಳಿರುವ ಹಲಗೆ. ಸಣ್ಣ ಮೊಳೆಯಂಥ ತುಂಡುಗಳನ್ನು ಅದರಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಇಡುತ್ತಾರೆ. ದಿಕ್ಕು ನೋಡಿ ಅಂಕಿ ತಿಳಿಯುವುದು. ಅಬ್ಯಾಕಸ್ ಅಂದರೆ ಮಣಿ ಚೌಕಟ್ಟು. ಕಾಣದವರಿಗೆಂದು ಮಾಡಿದ್ದರಲ್ಲಿ ಮಣಿಗಳ ಹಿಂದೆ ಮೆತ್ತನೆಯ ಬಟ್ಟೆ ಇದ್ದು, ಕೈ ತಾಗಿದರೂ ಮಣಿ ಜಾರುವುದಿಲ್ಲ. ಇವನ್ನು ಬಳಸಲು ತರಬೇತಿ ಬೇಕು, ಅದನ್ನು ಯಾರಲ್ಲಿ ಕೇಳಬೇಕು ಅಂತ ಕೊನೆಯಲ್ಲಿ ಹೇಳಿದ್ದೇನೆ.

ಮೂರನೇ ತರಗತಿಯಿಂದ ಹಣ. ನಿಜವಾದ ನಾಣ್ಯವನ್ನೇ ಕೊಡಿ. 2019ರಲ್ಲಿ ಪ್ರಕಟವಾದ 1, 2, 5, 10, 20 ರೂಪಾಯಿ ನಾಣ್ಯಗಳ ಸರಣಿಯನ್ನು ಕಣ್ಣು ಕಾಣದವರಿಗೂ ಅನುಕೂಲ ಆಗಲಿ ಅಂತಲೇ ರೂಪಿಸಲಾಗಿದೆ. ಬೆಲೆ ಏರಿದ ಹಾಗೆ ತೂಕವೂ ಏರುತ್ತದೆ. 20ರ ನಾಣ್ಯಕ್ಕೆ 12 ಮೂಲೆ. ಮೊದಲು ಈ ಸರಣಿಯ ನಾಣ್ಯಗಳನ್ನೇ ಆರಿಸಿ ಇಟ್ಟುಕೊಳ್ಳಿ. ಹಳೆಯ ನಾಣ್ಯಗಳ ಅಳತೆ ಬೇರೆ, ಒಟ್ಟಿಗೆ ಕೊಟ್ಟರೆ ಮಗು ಗಲಿಬಿಲಿ ಆಗುತ್ತದೆ. ನೋಟಿನಲ್ಲಿ 100ಕ್ಕೆ ಉಬ್ಬಿದ ತ್ರಿಕೋನ, ಅಂಚಿನಲ್ಲಿ ನಾಲ್ಕು ಗೆರೆ. 500ಕ್ಕೆ ವೃತ್ತ, ಐದು ಗೆರೆ. ಹೊಸ ನೋಟಿನಲ್ಲಿ ಮಾತ್ರ ಇವು ಚೆನ್ನಾಗಿ ಸಿಗುತ್ತವೆ. ಸವೆದ ನೋಟಿಗೆ ಉದ್ದವೇ ಆಧಾರ. ಕಲಿತ ಮೇಲೆ ಸಂತೆಗೆ ಕರೆದುಕೊಂಡು ಹೋಗಿ, ಕಾಲು ಕೆಜಿ ಬೆಂಡೆಕಾಯಿ ಮಗುವೇ ಕೊಳ್ಳಲಿ. ಬೆಂಡೆಯ ತುದಿ ಮುರಿದು ಎಳೆಯದಾ ಅಂತ ನೋಡುವುದೂ ಅದರದೇ ಕೆಲಸ.

ಎಚ್ಚರಿಕೆ: ಪಕ್ಕದ ಮಕ್ಕಳು ಪ್ರೀತಿಯಿಂದಲೇ "ಏಳು, ಮಿಸ್, ಏಳು" ಅಂತ ಉತ್ತರ ಹೇಳಿಬಿಡುತ್ತಾರೆ. ಕಾಯುವುದನ್ನು ಆ ಮಕ್ಕಳಿಗೂ ಕಲಿಸಬೇಕು.

ಹಂತ 5: ಬ್ರೈಲ್‌ಗೆ ಬೆರಳನ್ನು ಸಿದ್ಧ ಮಾಡಿ

ಬ್ರೈಲ್ ಅಂದರೆ ಉಬ್ಬು ಚುಕ್ಕಿಗಳ ಲಿಪಿ. ಫ್ರಾನ್ಸಿನ ಲೂಯಿ ಬ್ರೈಲ್ ಹದಿಹರೆಯದಲ್ಲೇ ಇದನ್ನು ರೂಪಿಸಿ 1829ರಲ್ಲಿ ಪ್ರಕಟಿಸಿದರು. ಭಾರತದ ಭಾಷೆಗಳಿಗೆ ಒಂದೇ ಬಗೆಯ ಸಂಕೇತ ಇರಲಿ ಅಂತ 1951ರಲ್ಲಿ ಭಾರತಿ ಬ್ರೈಲ್ ಬಂತು, ಕನ್ನಡ ಬ್ರೈಲ್ ಅದರದೇ ಭಾಗ. ಒಂದು ಅಕ್ಷರದ ಮನೆಯಲ್ಲಿ ಆರು ಚುಕ್ಕಿಗಳ ಜಾಗ. ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6.

ಮೊಟ್ಟೆ ಟ್ರೇಯಿಂದ ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು ಗುಳಿ ಬರುವಂತೆ ಕತ್ತರಿಸಿ. ಅದೇ ಅಕ್ಷರದ ಮನೆ. ಚುಕ್ಕಿಗೆ ನಿಂಬೆಹಣ್ಣು ಇಡಿ. ಅ ಅಂದರೆ 1ರಲ್ಲಿ ಒಂದೇ ನಿಂಬೆ. ಬ ಅಂದರೆ 1, 2. ಲ ಅಂದರೆ 1, 2, 3. ಎರಡು ಮನೆ ಪಕ್ಕಪಕ್ಕ ಇಟ್ಟರೆ "ಬಲ" ಅಂತ ಮೊದಲ ಪದ. ಮ ಅಂದರೆ 1, 3, 4. ರ ಅಂದರೆ 1, 2, 3, 5. ಈಗ "ಮರ" ಬಂತು. ಹಿಂದಿನ ವಾರ ತಬ್ಬಿಕೊಂಡ ಮರವನ್ನೇ ಮಗು ಓದುತ್ತಿದೆ.

ಕನ್ನಡ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗೆ ಬರುವುದಿಲ್ಲ, ಎಲ್ಲವೂ ಒಂದೇ ಸಾಲು. ಒತ್ತು ಇದೆ ಅಂತ ಹೇಳಲು ಮುಂಚೆ ಒಂದು 4ನೇ ಚುಕ್ಕಿ ಬರುತ್ತದೆ. "ಅಮ್ಮ" ಬರೆಯಲು ಅ, 4ನೇ ಚುಕ್ಕಿ, ಮ, ಮ. ಗುಣಿತದ ಗುರುತುಗಳು ಸ್ವರದ ಗುರುತೇ, ವ್ಯಂಜನದ ಪಕ್ಕ ಬಂದು ಕೂರುತ್ತವೆ. ಈ ಒಂದು ವಿಷಯದಲ್ಲಿ ಬ್ರೈಲ್ ಕಲಿಯುವ ಮಗುವಿಗೆ ನಮಗಿಂತ ಸುಲಭ.

ನಿಂಬೆಯಿಂದ ಗೋಲಿಗೆ, ಗೋಲಿಯಿಂದ ಕಾರ್ಡಿಗೆ ಅಂಟಿಸಿದ ಸಾಸಿವೆಗೆ, ಅಲ್ಲಿಂದ ಕಾಗದದ ಚುಕ್ಕಿಗೆ ಇಳಿಯಿರಿ. ನಡುವೆ ರಟ್ಟಿಗೆ ದಾರ ಅಂಟಿಸಿ, ಎರಡೂ ತೋರುಬೆರಳು ಎಡದಿಂದ ಬಲಕ್ಕೆ ದಾರ ಬಿಡದೆ ಹೋಗುವ ಅಭ್ಯಾಸ ಮಾಡಿಸಿ. ಒತ್ತಿ ಉಜ್ಜಬಾರದು, ಮೆಲ್ಲಗೆ ಜಾರಬೇಕು.

ಎಚ್ಚರಿಕೆ: ಬರೆಯುವ ಸ್ಲೇಟು ಮತ್ತು ಸ್ಟೈಲಸ್ ಅವಸರ ಮಾಡಬೇಡಿ. ಸ್ಲೇಟು ಅಂದರೆ ಇಲ್ಲಿ ಬಳಪದ ಸ್ಲೇಟಲ್ಲ, ಕಾಗದ ಸಿಕ್ಕಿಸುವ, ಅಕ್ಷರದ ಮನೆಗಳಿರುವ ಚೌಕಟ್ಟು. ಸ್ಟೈಲಸ್ ಅಂದರೆ ಚುಕ್ಕಿ ಒತ್ತುವ ಮೊನಚು ಕಡ್ಡಿ. ಕಾಗದದ ಹಿಂದಿನಿಂದ ಒತ್ತುವುದರಿಂದ ಬಲದಿಂದ ಎಡಕ್ಕೆ ಬರೆಯಬೇಕು, ಚುಕ್ಕಿಗಳ ಜಾಗವೂ ಅದಲುಬದಲು. ಓದು ಗಟ್ಟಿಯಾಗುವ ಮೊದಲು ಇದು ಕೈಗೆ ಬಂದರೆ ಎರಡೂ ಕೆಡುತ್ತವೆ.

ಹಂತ 6: ಚಿತ್ರ ಕೊನೆಗೆ ಬರಲಿ

ಪುಸ್ತಕದ ಚಿತ್ರದ ಮೇಲೆ ಅಂಟು ಎಳೆದು, ರವೆ ಉದುರಿಸಿ "ಮುಟ್ಟುವ ಚಿತ್ರ" ಮಾಡಿದ್ದೇವೆ ಅಂತ ಅನೇಕರು ತೋರಿಸುತ್ತಾರೆ. ಶ್ರಮ ದೊಡ್ಡದು, ಆದರೆ ಮಗುವಿಗೆ ಅದರಿಂದ ಸಿಗುವುದು ಕಡಿಮೆ. ಪಕ್ಕದಿಂದ ಬಿಡಿಸಿದ ಹಸುವಿಗೆ ಒಂದೇ ಕಣ್ಣು, ಕಾಲುಗಳು ಒಂದರ ಮೇಲೊಂದು. ದೂರದ ಮನೆ ಚಿಕ್ಕದು, ಹತ್ತಿರದ ನಾಯಿ ದೊಡ್ಡದು. ಕೈಗೆ ಇದೆಲ್ಲ ಸುಳ್ಳು.

ಮುಟ್ಟಿದ ವಸ್ತುವಿನ ಚಿತ್ರವನ್ನೇ ಮಾಡಿ, ಸರಳವಾಗಿ. ಎಲೆಯನ್ನು ಕಾಗದದ ಮೇಲಿಟ್ಟು ಅಂಚಿಗೆ ದಾರ ಅಂಟಿಸಿದರೆ ಸಾಕು. ಎಲೆ ಎತ್ತಿದ ಮೇಲೆ ಉಳಿಯುವುದೇ ಅದರ ಚಿತ್ರ. ಚಿತ್ರ ಅಂದರೇನು ಅಂತ ಮಗುವಿಗೆ ತಿಳಿಯುವುದು ಆ ಕ್ಷಣದಲ್ಲಿ. ಚುಕ್ಕಿ ರಂಗೋಲಿಯೂ ಚೆನ್ನಾಗಿ ಒಗ್ಗುತ್ತದೆ. ರಟ್ಟಿನ ಮೇಲೆ ಕಡಲೆ ಅಂಟಿಸಿ ಚುಕ್ಕಿ ಮಾಡಿ, ಒಂದು ರಾತ್ರಿ ಒಣಗಿಸಿ, ದಾರವನ್ನು ಮಗುವೇ ಸುತ್ತಲಿ. ನಕ್ಷೆಗೆ ಬೆಂಕಿಪೊಟ್ಟಣಗಳನ್ನು ಬೆಂಚುಗಳಂತೆ ಜೋಡಿಸಿ ತರಗತಿಯ ನಕ್ಷೆ ಮಾಡಿ. ನಡೆದ ಜಾಗದ ನಕ್ಷೆ ಮೊದಲು, ಜಿಲ್ಲೆ, ರಾಜ್ಯ ಎಲ್ಲ ಆಮೇಲೆ.

ಹಂತ 7: ಇಡೀ ತರಗತಿಗೆ ಮಾಡಿಸಿ

ಒಬ್ಬರಿಗೆ ಮೂಲೆಯಲ್ಲಿ ಬೇರೆ ಪಾಠ ಮಾಡಿದರೆ ಆ ಮಗು ತರಗತಿಯಲ್ಲಿದ್ದೂ ಹೊರಗೇ ಉಳಿಯುತ್ತದೆ. ನಲಿಕಲಿಯ ತಟ್ಟೆಗಳಲ್ಲಿ, ಅಂದರೆ ಮಕ್ಕಳು ಕೂರುವ ಗುಂಪುಗಳಲ್ಲಿ, ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪು ಇದ್ದೇ ಇದೆ. ಕಾಯಿ, ಕಡ್ಡಿ, ಅಳಿಗುಳಿ ಅಲ್ಲಿಗೆ ಬರಲಿ. ಕಾಣುವ ಮಕ್ಕಳೂ ಇದರಿಂದ ಚೆನ್ನಾಗಿ ಕಲಿಯುತ್ತಾರೆ. ಕಾರ್ಡಿಗೆ ವಸ್ತು ಕಟ್ಟಿ: ಎಲೆಯ ಕಾರ್ಡಿಗೆ ಒಣ ಎಲೆ, ಬೀಗದ ಕಾರ್ಡಿಗೆ ಕೀಲಿಕೈ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಬೇರೆ ಮಕ್ಕಳಿಗೆ ಅರಿವು ಬರಲಿ ಅಂತ ಕಣ್ಣಿಗೆ ಬಟ್ಟೆ ಕಟ್ಟಿ ಓಡಾಡಿಸುವುದು. ಅವರಿಗೆ ಅದರಿಂದ ಭಯ ಮಾತ್ರ ಗೊತ್ತಾಗುತ್ತದೆ. ತಮ್ಮ ಗೆಳತಿಗೆ ಇರುವ ಅಭ್ಯಾಸ, ಚುರುಕು ಗೊತ್ತಾಗುವುದಿಲ್ಲ. ಆಟ ಮುಗಿದಾಗ ಅವರ ಮನಸ್ಸಲ್ಲಿ "ಅಯ್ಯೋ ಪಾಪ" ಒಂದೇ ಉಳಿದಿರುತ್ತದೆ.

ಯಾರನ್ನು ಕೇಳಬೇಕು?

ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಅಂದರೆ ಬಿಆರ್‌ಸಿಯಲ್ಲಿ, ಬಿಐಇಆರ್‌ಟಿ ಅನ್ನುವ ಶಿಕ್ಷಕರು ಇರುತ್ತಾರೆ. ವಿಶೇಷ ಅಗತ್ಯವುಳ್ಳ ಮಕ್ಕಳ ಸಲುವಾಗಿಯೇ ನೇಮಕವಾದ ಸಂಪನ್ಮೂಲ ಶಿಕ್ಷಕರು ಇವರು. ಟೇಲರ್ ಫ್ರೇಮ್, ಅಬ್ಯಾಕಸ್, ಬ್ರೈಲ್ ತರಬೇತಿ, ಬ್ರೈಲ್ ಪಠ್ಯಪುಸ್ತಕದ ಬೇಡಿಕೆ ಎಲ್ಲವನ್ನೂ ಇವರ ಮೂಲಕ ಬರವಣಿಗೆಯಲ್ಲಿ ಕೇಳಿ. ಪುಸ್ತಕದ ಬೇಡಿಕೆ ಶಾಲೆ ಶುರುವಾಗುವ ಮೊದಲೇ ಹೋಗಲಿ. ಜೂನ್‌ನಲ್ಲಿ ಕೇಳಿದರೆ ತಡ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ಇದೆ ಅಂತ ಪ್ರಮಾಣಪತ್ರ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆಯೂ ಇದೆ. ವಿಶೇಷ ಶಾಲೆ ನೋಡಬೇಕು ಅಂದರೆ ಮೈಸೂರಿನಲ್ಲಿ 1901ರಿಂದ ನಡೆಯುತ್ತಿರುವ ಸರ್ಕಾರಿ ಶಾಲೆ ಇದೆ, ಬೆಂಗಳೂರಿನಲ್ಲಿ 1969ರಲ್ಲಿ ಶುರುವಾದ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಸೇರಿಸದಿದ್ದರೂ ಒಮ್ಮೆ ಹೋಗಿ, ಮಕ್ಕಳು ಕೈಯಲ್ಲಿ ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿ ಬನ್ನಿ.

ಮನೆಯವರಿಗೆ

ಶಾಲೆಯಲ್ಲಿ ಮಾಡಿದ್ದು ಮನೆಯಲ್ಲಿ ನಿಂತುಹೋದರೆ ಅರ್ಧ ನಷ್ಟ. "ನೀನು ಕೂತ್ಕೋ ಕಂದಾ, ನಾನು ಮಾಡ್ತೀನಿ" ಅನ್ನುವ ಮಾತನ್ನು ಪ್ರೀತಿಯಿಂದಲೇ ಕಡಿಮೆ ಮಾಡಿ. ಅಕ್ಕಿ ಅಳೆಯುವುದು, ಬಟ್ಟೆ ಮಡಚುವುದು, ಚಪಾತಿ ಹಿಟ್ಟು ನಾದುವುದು, ಬೆಳ್ಳುಳ್ಳಿ ಬಿಡಿಸುವುದು ಎಲ್ಲ ಮಗು ಮಾಡಬಲ್ಲದು. ನಿಧಾನ ಆಗುತ್ತದೆ, ಸ್ವಲ್ಪ ಚೆಲ್ಲುತ್ತದೆ. ಒಲೆಯ ಹತ್ತಿರ ಪೂರ್ತಿ ಬಿಡದಿದ್ದರೂ, ಉಗುರುಬೆಚ್ಚಗಿನ ಪಾತ್ರೆಯಿಂದ ಶುರು ಮಾಡಿ, ಬಿಸಿ ದೂರದಿಂದಲೇ ಹೇಗೆ ಗೊತ್ತಾಗುತ್ತದೆ ಅಂತ ಅಂಗೈ ಹಿಡಿದು ತಿಳಿಯುವುದನ್ನು ಹೇಳಿಕೊಡಿ.

ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಬರುತ್ತದಲ್ಲ, ಆಗ ಮಗುವಿನ ಮುಂದೆ ಒಂದು ಮೊರ ಅವರೆ ಇಡಿ. ಕಾಯಿ ಸುಲಿಯಲು ಎರಡು ಹೆಬ್ಬೆರಳು ಬೇಕು. ನೆನೆಸಿದ ಕಾಳನ್ನು ಹಿತುಕಲು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಬೆರಳಿಗೇ ಗೊತ್ತಾಗಬೇಕು. ಬ್ರೈಲ್ ಓದುವ ಬೆರಳಿಗೂ ಇದೇ ಹದ ಬೇಕು. ಹಿತುಕಿದ ಬೇಳೆ ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ಆ ದಿನ ರಾತ್ರಿ ಸಾರು ಬಡಿಸುವಾಗ, ಬೇಳೆ ಯಾರು ಹಿತುಕಿದ್ದು ಅಂತ ಮನೆಯವರೆಲ್ಲರ ಎದುರು ಹೇಳಿ.